ಆಟ ಅರ್ಧಕ್ಕೆ ನಿಲ್ಲಬಾರದು

ಪ್ರೌಢಶಾಲೆಯ ಮೈದಾನದಲ್ಲಿ ಬೆವರು ಸುರಿಸಿ ಆಡಿದ ಎಷ್ಟೋ ಮಕ್ಕಳು ಕಾಲೇಜಿನ ಮೆಟ್ಟಿಲೇರಿದೊಡನೆ ಆಟವನ್ನು ಕೈಬಿಡುತ್ತಾರೆ. ‘ಇನ್ನು ಆಟ ಸಾಕು, ಓದು ನೋಡು’ ಎಂಬ ಮಾತು ಮನೆಮನೆಗಳಲ್ಲಿ ಕೇಳಿಬರುತ್ತದೆ. ಓದು ಮತ್ತು ಆಟಗಳು ಒಂದೇ ಒರೆಯಲ್ಲಿ ಹಿಡಿಸದ ಎರಡು ಕತ್ತಿಗಳೆಂದು ಹಿರಿಯರು ಬಗೆಯುತ್ತಾರೆ. ಕಿರಿಯರೂ ಅದನ್ನೇ ನಂಬುತ್ತಾರೆ. ಈ ನಂಬಿಕೆ ತಪ್ಪೆಂದು ನಾನು ಭಾವಿಸುತ್ತೇನೆ. ಸ್ಪರ್ಧೆಗಾಗಿ ಆಡುವ ಆಟವನ್ನು ಕಾಲೇಜಿನಲ್ಲಿಯೂ ಮುಂದುವರಿಸಲು ಹಾದಿಗಳಿವೆ. ಅವನ್ನು ಮೊದಲೇ ಅರಿತು ಹಿಡಿಯಬೇಕು, ಅಷ್ಟೆ.

ಟೆನಿಸ್ ಆಟವನ್ನೇ ನೋಡೋಣ. ಕಾರವಾರ ಮತ್ತು ಅಂಕೋಲೆಗಳ ನಡುವೆ ಕಡಲಿಗೆ ಮೈಯೊಡ್ಡಿ ನಿಂತ ಹಾರವಾಡದಂತಹ ಊರಿನಲ್ಲಿ ಕಬಡ್ಡಿಗೆ ಒಂದಿಷ್ಟು ಮರಳು ಸಾಕು. ವಾಲಿಬಾಲಿಗೆ ಎರಡು ಕಂಬ, ಒಂದು ಬಲೆ ಸಾಕು. ಟೆನಿಸ್ಸಿಗೆ ಹಾಗಲ್ಲ. ಅದಕ್ಕೆ 78 ಅಡಿ ಉದ್ದದ, 36 ಅಡಿ ಅಗಲದ ಸಮತಟ್ಟಾದ ಅಂಕಣ ಬೇಕು; ರ್ಯಾಕೆಟ್ಟು ಬೇಕು; ತಿದ್ದುವ ಗುರು ಬೇಕು. ಅದೂ ಅಲ್ಲದೆ, ಕಿರಿಯರ ಪಂದ್ಯಾವಳಿಗಳು 18 ವರ್ಷದವರೆಗಿನವರಿಗೆ ಮಾತ್ರ. ಕಾಲೇಜಿನ ಬದುಕು ಆರಂಭವಾಗುವ ಹೊತ್ತಿಗೇ ಆ ಬಾಗಿಲು ಮುಚ್ಚುತ್ತದೆ. ಇಷ್ಟು ಕಠಿಣವಾದ ಆಟವನ್ನು ಉಳಿಸಿಕೊಳ್ಳುವ ದಾರಿ ತಿಳಿದರೆ ಉಳಿದ ಆಟಗಳ ದಾರಿಯೂ ತಿಳಿದಂತೆಯೇ.

ಮುಚ್ಚಿದ ಬಾಗಿಲಿನ ಪಕ್ಕದಲ್ಲಿಯೇ ಒಂದು ಏಣಿಯಿದೆ. ಅದರ ಮೊದಲ ಮೆಟ್ಟಿಲು ಕಾಲೇಜಿನ ತಂಡ. ಪ್ರವೇಶ ಪಡೆದ ಮೊದಲ ವಾರದಲ್ಲಿಯೇ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಂಡು, ತಾನು ಆಡಬಲ್ಲೆನೆಂದು ತಿಳಿಸುವುದು ವಿದ್ಯಾರ್ಥಿಯ ಕರ್ತವ್ಯ. ಎರಡನೆಯದು ಅಂತರಕಾಲೇಜು ಸ್ಪರ್ಧೆ. ಉತ್ತರ ಕನ್ನಡದ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ದೊರೆಯುತ್ತದೆ. ಅಲ್ಲಿ ಮಿಂಚಿದವರು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗುತ್ತಾರೆ. ಅವರನ್ನು ‘ಯೂನಿವರ್ಸಿಟಿ ಬ್ಲೂ’ ಎಂದು ಗೌರವದಿಂದ ಕರೆಯುತ್ತಾರೆ. ಅದರ ಮೇಲೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ಅಂತರ ವಿಶ್ವವಿದ್ಯಾಲಯ ಪಂದ್ಯಗಳಿವೆ. 2020ರಲ್ಲಿ ಭುವನೇಶ್ವರದಲ್ಲಿ ಮೊದಲಾದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ 2022ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. ಇದಲ್ಲದೆ, ವಯಸ್ಸಿನ ಕಟ್ಟಿಲ್ಲದ ಮುಕ್ತ ಪಂದ್ಯಾವಳಿಗಳಲ್ಲಿ ರಜೆಯ ದಿನಗಳಲ್ಲಿ ಆಡಬಹುದು.

ಈ ಏಣಿ ಎಲ್ಲಿಯವರೆಗೆ ಒಯ್ಯಬಲ್ಲದೆಂಬುದಕ್ಕೆ ಸೋಮದೇವ್ ದೇವವರ್ಮನ್ ನಿದರ್ಶನ. ಅವರು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದುತ್ತಲೇ ಟೆನಿಸ್ ಆಡಿದರು. 2006ರಲ್ಲಿ ಅಲ್ಲಿನ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯದಲ್ಲಿ ಸೋತರು; ಧೃತಿಗೆಡದೆ 2007 ಮತ್ತು 2008ರಲ್ಲಿ ಅದನ್ನು ಗೆದ್ದರು. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಸಿಂಗಲ್ಸ್ ಚಿನ್ನ ಅವರದಾಯಿತು. ಡಬಲ್ಸಿನಲ್ಲಿಯೂ ಚಿನ್ನ ಬಂದಿತು. ಡಬಲ್ಸಿನ ಜೊತೆಗಾರ ಸನಮ್ ಸಿಂಗ್ ಕೂಡ ಅದೇ ವಿಶ್ವವಿದ್ಯಾಲಯದ ಆಟಗಾರ. ಕಾಲೇಜು ಅವರ ಆಟವನ್ನು ನುಂಗಲಿಲ್ಲ, ಬೆಳೆಸಿತು.

ಹದಿನೆಂಟಕ್ಕೆ ಎಲ್ಲವೂ ಮುಗಿಯುತ್ತದೆಂದು ಭಾವಿಸುವವರು ಕೊಡಗಿನ ರೋಹನ್ ಬೋಪಣ್ಣನವರನ್ನು ನೆನೆಯಬೇಕು. 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಅದೇ ವೇಳೆಗೆ ಅವರು ಡಬಲ್ಸಿನಲ್ಲಿ ವಿಶ್ವದ ಅಗ್ರಸ್ಥಾನಕ್ಕೂ ಏರಿದರು. ಫಲ ಬರುವವರೆಗೆ ಗಿಡಕ್ಕೆ ನೀರೆರೆಯುವ ತಾಳ್ಮೆ ಅವರಿಗಿತ್ತು.

‘ಎಲ್ಲರೂ ಬೋಪಣ್ಣನಾಗುವರೇ?’ ಎಂದು ತಂದೆತಾಯಿಗಳು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಎಲ್ಲರೂ ಆಗುವುದಿಲ್ಲ, ಆಗಬೇಕೆಂದೂ ಇಲ್ಲ. ಪದವಿ ಪಡೆದವರೆಲ್ಲ ಪಂಡಿತರಾಗುವುದಿಲ್ಲ. ಹಾಗೆಂದು ನಾವು ಮಕ್ಕಳನ್ನು ಕಾಲೇಜಿಗೆ ಕಳಿಸದೆ ಇರುವೆವೇ? ಸೋತವನ ಕೈಕುಲುಕುವುದು, ಗೆದ್ದಾಗ ತಲೆ ತಿರುಗದಿರುವುದು, ನಾಳಿನ ಪರೀಕ್ಷೆಗಾಗಿ ಇಂದಿನ ಗಂಟೆಗಳನ್ನು ಹಂಚಿಕೊಳ್ಳುವುದು, ಇವು ಸ್ಪರ್ಧೆ ಕಲಿಸುವ ಪಾಠಗಳು. ಪಂದ್ಯಕ್ಕೆ ಹೋದ ದಿನಗಳ ಪಾಠವನ್ನು ಗೆಳೆಯರಿಂದ ಕೇಳಿ ತುಂಬಿಕೊಳ್ಳಬೇಕು. ಹಾಜರಿಯ ವಿಷಯವನ್ನು ಮೊದಲೇ ಪ್ರಾಚಾರ್ಯರಿಗೆ ತಿಳಿಸಬೇಕು. ಓದನ್ನು ಕಡೆಗಣಿಸಿ ಆಡುವವನು ಆಟಕ್ಕೂ ಅಪಕೀರ್ತಿ ತರುತ್ತಾನೆ.

ಆದರೆ ಹೊಣೆಯೆಲ್ಲವನ್ನೂ ವಿದ್ಯಾರ್ಥಿಯ ಹೆಗಲಿಗೆ ಹೊರಿಸುವುದು ಅನ್ಯಾಯ. ಸಂಜೆಯ ಕೊನೆಯ ತರಗತಿ ಮುಗಿದೊಡನೆ ಬಸ್ಸಿಗೆ ಓಡಬೇಕಾದ ಹಳ್ಳಿಯ ಹುಡುಗ ಯಾವಾಗ ಅಭ್ಯಾಸ ಮಾಡಬೇಕು? ಕತ್ತಲಾಗುವ ಮೊದಲು ಮನೆ ಸೇರಬೇಕಾದ ಹುಡುಗಿ ಯಾವಾಗ ಆಡಬೇಕು? ಆಟವಾಡುವವರಿಗಾಗಿ ಬೆಳಗಿನ ಒಂದು ಗಂಟೆಯನ್ನು ಕಾಲೇಜುಗಳು ಮೀಸಲಿಡಬೇಕು. ಒಂದೊಂದು ಕಾಲೇಜಿಗೆ ಅಂಕಣ ಕಟ್ಟುವ ಶಕ್ತಿಯಿಲ್ಲದಿದ್ದರೆ ನಾಲ್ಕು ಕಾಲೇಜುಗಳು ಕೂಡಿ ತಾಲೂಕಿಗೊಂದನ್ನು ಕಟ್ಟಬಹುದು. ಹನಿ ಹನಿ ಕೂಡಿದರೆ ಹಳ್ಳವಲ್ಲವೇ?

ಇದು ಆಗದ ಮಾತಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿದರು. ಅದರ ಮೂಲಕ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಶತಮಾನೋತ್ಸವ ಕಾಲೇಜು ಆರಂಭವಾಯಿತು. ಬಡವರ, ಬೆಸ್ತರ, ರೈತರ ಮಕ್ಕಳ ಬಳಿಗೆ ಪದವಿ ಶಿಕ್ಷಣವೇ ನಡೆದುಬಂದಿತು. ಅಂದು ಕಾಲೇಜು ಹತ್ತಿರ ಬಂದಂತೆ ಇಂದು ಆಟದ ಅಂಕಣವೂ ಹತ್ತಿರ ಬರಬೇಕು.

ವಿದ್ಯಾರ್ಥಿಗಳೇ, ಇನ್ನು ಕೆಲವೇ ವರ್ಷಗಳಲ್ಲಿ ನೀವೂ ಕಾಲೇಜಿನ ಹೊಸ್ತಿಲಲ್ಲಿ ನಿಲ್ಲುವಿರಿ. ನಿಮ್ಮ ಆಟ ಟೆನಿಸ್ ಇರಲಿ, ಕಬಡ್ಡಿ ಇರಲಿ, ಪುಸ್ತಕದ ಚೀಲದೊಡನೆ ಅದನ್ನೂ ಒಳಗೆ ಕೊಂಡೊಯ್ಯಿರಿ. ಅಭ್ಯಾಸಕ್ಕೆ ಸ್ಥಳವಿಲ್ಲವೆಂದಾದರೆ ಕೂಡಿ ಕೇಳಿರಿ. ಕೇಳುವ ದನಿಗಳು ಹೆಚ್ಚಾದಂತೆ ಕೊಡುವ ಕೈಗಳೂ ಮುಂದೆ ಬರುತ್ತವೆ.