ಎಳೆಯುವ ಶಕ್ತಿ ಬೇರೆ, ತಡೆಯುವ ಶಕ್ತಿ ಬೇರೆ



ಮಾಲು ಸಾಗಿಸುವ ಕಾಲ ಬಂತೆಂದರೆ ಸಂಘದ ಗೋದಾಮಿನ ಮುಂದೆ ಒಂದೇ ಮಾತು: "ಇನ್ನೂ ಹತ್ತು ಮೂಟೆ ಹಾಕಿ, ಟ್ರ್ಯಾಕ್ಟರ್ ಎಳೆಯುತ್ತದೆ." ಎಳೆಯುತ್ತದೆ, ನಿಜ. ಆದರೆ ಎಂಜಿನ್ನಿನ ಹಾರ್ಸ್ ಪವರ್ ನೋಡಿ ಹೇರು ನಿರ್ಧರಿಸುವುದು ತಪ್ಪೆಂದು ನನ್ನ ಖಚಿತ ಅಭಿಪ್ರಾಯ. ನಮ್ಮ ಇಳಿಜಾರುಗಳಲ್ಲಿ ಪ್ರಶ್ನೆ ಎಳೆಯುವುದಲ್ಲ, ನಿಲ್ಲಿಸುವುದು.

ಟ್ರೇಲರಿನ ಆರ್.ಸಿ.ಯಲ್ಲಿ ಎರಡು ತೂಕಗಳಿರುತ್ತವೆ: ಖಾಲಿ ತೂಕ, ಹೇರು ಸಹಿತ ಒಟ್ಟು ತೂಕ. ಒಟ್ಟು 4,500 ಕಿಲೋ, ಖಾಲಿ 1,500 ಕಿಲೋ ಎಂದಿದ್ದರೆ ಹೇರಲು ಉಳಿಯುವುದು 3,000; ಅಂದರೆ 50 ಕಿಲೋದ 60 ಮೂಟೆ. ಅರವತ್ತೊಂದನೆಯದಕ್ಕೆ ಜಾಗವಿದ್ದರೂ ಲೆಕ್ಕವಿಲ್ಲ. ಮೂಟೆಗಳ ಮೇಲೆ ಆಳುಗಳನ್ನು ಕೂರಿಸುವುದಂತೂ ಸಲ್ಲದು. ಟ್ರ್ಯಾಕ್ಟರ್ ತಯಾರಕರು ಕೈಪಿಡಿಯಲ್ಲಿ ಇದಕ್ಕಿಂತ ಕಡಿಮೆ ಮಿತಿ ಹೇಳಿದ್ದರೆ ಆ ಕಡಿಮೆಯೇ ನಮ್ಮ ಮಿತಿ.

ಹತ್ತು ಅಡಿಗೆ ಒಂದು ಅಡಿ ಇಳಿಯುವ ರಸ್ತೆಯಲ್ಲಿ ಈ 4,500 ಕಿಲೋದ ಟ್ರೇಲರ್ ಸುಮಾರು 450 ಕಿಲೋ ಭಾರದಷ್ಟು ಬಲದಿಂದ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತಿರುತ್ತದೆ. ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ, ಇದ್ದೂ ಹಿಡಿಯದಿದ್ದರೆ, ಅಷ್ಟನ್ನೂ ಟ್ರ್ಯಾಕ್ಟರೇ ತಡೆಯಬೇಕು, ಅದೂ ಮಳೆ ಬಿದ್ದ ಕೆಮ್ಮಣ್ಣಿನ ಮೇಲೆ. ಉಳುಮೆಗೆಂದು ಬಿಡಿಸಿದ ಎಡ ಬಲ ಬ್ರೇಕ್ ಪೆಡಲುಗಳನ್ನು ರಸ್ತೆಗಿಳಿಯುವ ಮುನ್ನ ಜೋಡಿಸಿ ಕೊಂಡಿ ಹಾಕುವವರು ಎಷ್ಟು ಮಂದಿ? ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವವರಿಗಂತೂ ಏನು ಹೇಳಬೇಕೋ ತಿಳಿಯದು.

ಮೂಟೆಯನ್ನಾದರೂ ಎಣಿಸಬಹುದು. ಮೋಸ ಮಾಡುವುದು ನೀರು. ಬೋರ್ಡೋ ದ್ರಾವಣದ 200 ಲೀಟರಿನ ಐದು ಡ್ರಮ್ಮುಗಳೆಂದರೆ ಒಂದು ಟನ್ನು. ಅರ್ಧ ತುಂಬಿದ ಟ್ಯಾಂಕು ಇನ್ನೂ ಅಪಾಯ. ತಿರುವಿನಲ್ಲಿ ನೀರೆಲ್ಲ ಒಂದೇ ಮಗ್ಗುಲಿಗೆ ನುಗ್ಗುತ್ತದೆ. ಮಳೆಗೆ ನೆಂದ ಗೊಬ್ಬರವೂ ಒಣ ಗೊಬ್ಬರದ ತೂಕದಲ್ಲಿರುವುದಿಲ್ಲ.

ಎತ್ತಿನ ಗಾಡಿ ಹೊಡೆದ ಹಿರಿಯರಿಗೆ ಮುಂಭಾರ, ಹಿಂಭಾರ ಎಂದರೆ ವಿವರಿಸಬೇಕಿಲ್ಲ. ಎರಡು ಚಕ್ರದ ಟ್ರೇಲರಿಗೂ ಅದೇ ನ್ಯಾಯ. ಹಿಂಭಾರವಾದರೆ ಟ್ರ್ಯಾಕ್ಟರಿನ ಹಿಂಚಕ್ರದ ಹಿಡಿತ ತಪ್ಪುತ್ತದೆ. ಮುಂಭಾರ ಅತಿಯಾದರೆ ಮುಂಚಕ್ರ ಹಗುರಾಗಿ ಸ್ಟಿಯರಿಂಗ್ ಕೇಳುವುದಿಲ್ಲ.

ಮೋಟಾರು ವಾಹನ ಕಾಯಿದೆಗೆ 2019ರಲ್ಲಾದ ತಿದ್ದುಪಡಿಯ ಪ್ರಕಾರ ಅಧಿಕ ಹೇರಿಗೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಅಡಿಕೆಯ ಎಷ್ಟು ಮೂಟೆಯ ಬಾಡಿಗೆ ಉಳಿಸಿದರೆ ಇದು ಹುಟ್ಟೀತು?

ಆರ್.ಸಿ. ನೋಡದೆ ಗೋದಾಮಿನಲ್ಲಿ ಹೇರು ಹಾಕಬಾರದೆಂಬ ನಿರ್ಣಯವನ್ನು ಬರುವ ಮಹಾಸಭೆಯ ಮುಂದಿಡಲಿದ್ದೇನೆ. ಎರಡನೆಯ ಟ್ರಿಪ್ಪಿನ ಖರ್ಚು ಸಣ್ಣ ಬೆಳೆಗಾರರಿಗೆ ಹೊರೆ ಎಂಬ ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಆದ್ದರಿಂದ ಒಂದೇ ದಾರಿಯ ಮೂರು ನಾಲ್ಕು ಸದಸ್ಯರು ಕೂಡಿ ಲಾರಿ ಮಾಡಿಕೊಳ್ಳುವ ಏರ್ಪಾಡನ್ನೂ ಜೊತೆಗೇ ಸೂಚಿಸುತ್ತೇನೆ. ಒಪ್ಪುವವರು ಸಭೆಗೆ ಮುಂಚೆ ಗುಮಾಸ್ತರಲ್ಲಿ ಹೆಸರು ಬರೆಸಿ.

— ಕಾರ್ಯದರ್ಶಿ