ಪ್ರಧಾನಾಲಯದ ಪರಿಭಾಷೆ: ಒಂದು ಟಿಪ್ಪಣಿ

ಕ್ರೈಸ್ತರ ಕನ್ನಡ ಸೇವೆ ಎಂದೊಡನೆ ಕಿಟೆಲರ ನಿಘಂಟು, ಬಾಸೆಲ್ ಮಿಶನ್ನಿನ ಮುದ್ರಣ ಹಾಗೂ ‘ಮಂಗಳೂರ ಸಮಾಚಾರ’ ನಮ್ಮ ನೆನಪಿಗೆ ಬರುತ್ತವೆ. ಪ್ರಾಟೆಸ್ಟೆಂಟ್ ಮಿಶನರಿಗಳ ಅಕ್ಷರಲೋಕವನ್ನೇ ಸಮಗ್ರ ಕ್ರೈಸ್ತ ಪರಂಪರೆಯೆಂದು ಭಾವಿಸಿದ ಫಲವಾಗಿ, ಕಥೋಲಿಕರ ಆಲಯಗಳು ಕನ್ನಡ ಸಂಸ್ಕೃತಿ ಅಧ್ಯಯನದ ಹೊರಗೇ ಉಳಿದಿವೆ.

ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯವನ್ನೇ ನೋಡೋಣ. ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬೂಚೆಟ್ಟಿಯವರು 1926ರಲ್ಲಿ ಸಂತಳ ಪವಿತ್ರಾವಶೇಷವನ್ನು ತರಿಸಿದರು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲನ್ನಿಟ್ಟರು. ವಿನ್ಯಾಸ ಡಾಲಿ ಎಂಬ ಫ್ರೆಂಚರದು. ಶಿಲುಬೆಯಾಕಾರದ ತಲವಿನ್ಯಾಸ, ಮೊನಚು ಕಮಾನುಗಳು, 175 ಅಡಿ ಎತ್ತರದ ಜೋಡಿ ಗೋಪುರಗಳು, ಬಲಿಪೀಠದ ಕೆಳಗೆ ಸಂತಳ ಶಯನಪ್ರತಿಮೆಯಿರುವ ನೆಲಮಾಳಿಗೆ ಇಲ್ಲಿವೆ.

ಇದು ಜರ್ಮನಿಯ ಕಲೋನ್ ಚರ್ಚಿನ ಪ್ರತಿಕೃತಿ ಎಂಬ ಪ್ರವಾಸಿ ಕೈಪಿಡಿಯ ಮಾತನ್ನು ನಮ್ಮ ವಿದ್ವತ್ ಬರಹಗಳೂ ಪ್ರಶ್ನಿಸದೆ ಒಪ್ಪಿವೆ. ಪ್ರೇರಣೆ ಅಲ್ಲಿಯದೆಂಬುದು ದಿಟ. ಆದರೆ 1248ರಲ್ಲಿ ಆರಂಭವಾದ ಕಲೋನ್ ಕಟ್ಟಡ ಶತಮಾನಗಳ ಕಾಲ ಅರ್ಧಕ್ಕೇ ನಿಂತಿದ್ದು, ಪೂರ್ಣಗೊಂಡುದು 1880ರಲ್ಲಿ. ಅದರ ಗೋಪುರಗಳೂ ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಗಾಥಿಕ್ ಪುನರುಜ್ಜೀವನದ ಕೂಸುಗಳೇ. ಹೀಗಿರುವಾಗ ಮೈಸೂರಿನ ಆಲಯವನ್ನು ಮಧ್ಯಯುಗದ ಯುರೋಪಿನ ನೆರಳೆನ್ನುವುದಕ್ಕಿಂತ, ಆ ಪುನರುಜ್ಜೀವನವು ಒಡೆಯರ ಆಶ್ರಯದಲ್ಲಿ ಪಡೆದ ಮರುಹುಟ್ಟು ಎಂದು ಓದುವುದು ಹೆಚ್ಚು ಸಮಂಜಸ. ಅಡಿಗಲ್ಲನ್ನಿಟ್ಟ ಅರಸನನ್ನು ಬಿಟ್ಟು ಕಲೋನನ್ನಷ್ಟೇ ನೆನೆಯುವ ಬರಹ ಈ ಕಟ್ಟಡವನ್ನು ಮೈಸೂರಿನ ಚರಿತ್ರೆಯಿಂದಲೇ ಕಿತ್ತು ಹಾಕುತ್ತದೆ.

ನಿಜವಾದ ತೊಡಕು ಪರಿಭಾಷೆಯದು. ಸೋಮನಾಥಪುರದ ಬಗ್ಗೆ ಬರೆಯುವವನಿಗೆ ನವರಂಗ, ಸುಖನಾಸಿ, ಭುವನೇಶ್ವರಿ ಎಂಬ ಪದಗಳು ಕೈಗೆ ಸಿದ್ಧವಾಗಿವೆ. ಚರ್ಚಿನ ಬಗ್ಗೆ ಬರೆಯಹೊರಟವನು ಒಂದೋ ಇಂಗ್ಲಿಷಿಗೆ ಶರಣಾಗುತ್ತಾನೆ, ಇಲ್ಲವೇ ಎಲ್ಲವನ್ನೂ ಗರ್ಭಗುಡಿ ಎಂದು ಕರೆದು ಕೈತೊಳೆದುಕೊಳ್ಳುತ್ತಾನೆ. ಗರ್ಭಗುಡಿಯು ಅರ್ಚಕನಿಗೆ ಮೀಸಲಾದ ಕಿರುಕೋಣೆ. ಬಲಿಪೀಠವಾದರೋ ನೆರೆದ ಸಭೆಯೆಲ್ಲ ಕಾಣುವಂತೆ ತೆರೆದಿರುವ ತಾಣ. ಹೆಸರನ್ನು ಎರವಲು ತಂದರೆ ಅರ್ಥವೂ ತಪ್ಪುತ್ತದೆ. ಹೊಸ ಪದಗಳನ್ನು ಟಂಕಿಸುವ ಮೊದಲು (ಅದರಲ್ಲಿ ನಮ್ಮ ವಿಭಾಗಗಳಿಗೆ ಉತ್ಸಾಹ ತುಸು ಹೆಚ್ಚೇ) ಕನ್ನಡ ಕ್ರೈಸ್ತರ ಬಳಕೆಯನ್ನು ಕೇಳಿಸಿಕೊಳ್ಳಬೇಕು. ಪ್ರಧಾನಾಲಯ, ಬಲಿಪೀಠ, ಕರಾವಳಿಯ ಇಗರ್ಜಿ ಇವೆಲ್ಲ ಆರಾಧಕರ ನಾಲಗೆಯಲ್ಲಿ ಪಳಗಿದ ಮಾತುಗಳು. ಇವನ್ನು ಕಲೆಹಾಕಿದ ವಾಸ್ತುಕೋಶವೊಂದು ಪಿಎಚ್.ಡಿ. ವಿಷಯವಾಗಲು ಸರ್ವಥಾ ಯೋಗ್ಯ.

ಇಂತಹ ಕೆಲಸಕ್ಕೆ ಮೊದಲ ಆಕರ ಅಲ್ಲಿಯೇ ಇದೆ. ಇದೇ ನೆಲೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಎದ್ದ ಹಿಂದಿನ ಚರ್ಚಿನ ಶಾಸನವು ಕ್ರಿಸ್ತನ ಅವತಾರದಿಂದ ವರ್ಷವನ್ನೆಣಿಸಿ 1843 ಎಂದು ಹೇಳುತ್ತದೆ. ‘ಮಂಗಳೂರ ಸಮಾಚಾರ’ ಹೊರಟ ವರ್ಷವೆಂದು 1843ನ್ನು ತರಗತಿಯಲ್ಲಿ ಬರೆಸುವ ನಾವು, ಅದೇ ವರ್ಷದ ಈ ಶಾಸನವನ್ನು ಪಾಠಕ್ಕೆ ತಂದಿಲ್ಲ.