ವಂಶದ ಬಿ.ಪಿ.ಗೆ ಮಾತ್ರೆ ಏಕೆ?

“ಸಾರ್, ಅಪ್ಪ ಬಿ.ಪಿ. ಮಾತ್ರೆ ಬಿಟ್ಟುಬಿಟ್ಟಿದ್ದಾರೆ. ವಂಶದಲ್ಲೇ ಇರೋದಕ್ಕೆ ಮಾತ್ರೆ ಏನು ಮಾಡುತ್ತೆ ಅಂತಾರೆ.” ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ.

ಮಕ್ಕಳೇ, ಕೆ.ಜಿ.ಎಫ್.ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ದುಡಿದವರನ್ನು ಕೇಳಿ ನೋಡಿ. ಕಣ್ಣಿಗೆ ಕಾಣುವ ಚಿನ್ನದ ಎಳೆ ಅಪರೂಪ. ಸಾಮಾನ್ಯವಾಗಿ ಒಂದು ಟನ್ ಅದಿರು ಅರೆದರೆ ಕೆಲವೇ ಗ್ರಾಂ. ರಕ್ತದೊತ್ತಡದ ಜೀನ್‌ಗಳ ಹುಡುಕಾಟವೂ ಹೀಗೆಯೇ.

ಲಿಡಲ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಯಲ್ಲಿ ಒಂದೇ ಜೀನ್ ಕೆಟ್ಟು, ಮೂತ್ರಪಿಂಡ ಉಪ್ಪನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ. ಇದು 1994ರಲ್ಲಿ ಪತ್ತೆಯಾಯಿತು. ಸಾಮಾನ್ಯ ಬಿ.ಪಿ.ಗೆ ಹಾಗೆ ಒಂದೇ ಜೀನ್ ಕಾರಣವಲ್ಲ. 2018ರಲ್ಲಿ ಹತ್ತು ಲಕ್ಷ ಜನರ ಡಿ.ಎನ್.ಎ. ಅಧ್ಯಯನ ಪ್ರಕಟವಾದಾಗ, ಗೊತ್ತಾದ ತಾಣಗಳು 900 ದಾಟಿದವು. ಒಂದೊಂದರ ಪ್ರಭಾವವೂ ಅತ್ಯಲ್ಪ.

ಅಂದರೆ ವಂಶದಿಂದ ಬರುವುದು ಸಾಧ್ಯತೆ, ಹಣೆಬರಹವಲ್ಲ. ಜೀನ್ ಜೊತೆಗೆ ಉಪ್ಪಿನಕಾಯಿ ಭರಣಿಯೂ ತಲೆಮಾರು ದಾಟಿ ಬರುತ್ತದಲ್ಲ! ದೊಡ್ಡವರಿಗೂ ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು. ಮಾತ್ರೆ ಜೀನನ್ನು ಬದಲಿಸದು, ನಿಜ. ಆದರೆ ಒತ್ತಡ ಇಳಿಸಿ ಪಾರ್ಶ್ವವಾಯು, ಹೃದಯಾಘಾತಗಳ ಅಪಾಯ ತಗ್ಗಿಸುತ್ತದೆ.

“ನಾಳೆಯೇ ಅಪ್ಪನನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಪ್ಪಾ. ಹಾಗೆಯೇ ನಿನ್ನ ಬಿ.ಪಿ.ಯನ್ನೂ ನೋಡಿಸಿಕೋ” ಎಂದೆ.